ಆಳಿನ ಕಾಲಡಿಯಲ್ಲಿ ಪೆಟ್ರೋಲ್ ಕ್ಯಾನು

ಅಡಿಕೆ ಕೊಯ್ಲು ಶುರುವಾಯಿತೆಂದರೆ ತರೀಕೆರೆ, ಲಿಂಗದಹಳ್ಳಿ, ಅಜ್ಜಂಪುರ ಕಡೆಯ ರಸ್ತೆಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಪಿಕಪ್‌ಗಳ ಓಡಾಟ ಶುರುವಾಗುತ್ತದೆ. ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರರ ಗಾಡಿಯ ಹಿಂಬದಿ ಬಾಡಿಯಲ್ಲಿ ದೋಟಿ, ಹಗ್ಗ, ಖಾಲಿ ಚೀಲಗಳು, ಬುತ್ತಿಯ ಬ್ಯಾಗು, ಕುಡಿಯುವ ನೀರಿನ ಕೊಡ. ಅವುಗಳ ನಡುವೆಯೇ ಕೊನೆ ತೆಗೆಯಲು ಹೊರಟ ಗಂಡಾಳು, ಹೆಣ್ಣಾಳುಗಳು ಒತ್ತೊತ್ತಾಗಿ ಕೂತಿರುತ್ತಾರೆ. ಅವರ ಕಾಲ ಸಂದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಕ್ಯಾನೊಂದು ಇರುತ್ತದೆ. ಮುಚ್ಚಳ ಎಂದೋ ಕಳೆದುಹೋಗಿ, ಬಾಯಿಗೆ ಪ್ಲಾಸ್ಟಿಕ್ ಕವರು ಸುತ್ತಿ ದಾರ ಬಿಗಿದಿರುತ್ತಾರೆ. ಒಳಗಿರುವುದು ವೀಡ್ ಕಟರಿಗೋ ಔಷಧಿ ಹೊಡೆಯುವ ಪಂಪಿಗೋ ಬೇಕಾದ ಪೆಟ್ರೋಲ್.

ಈ ದೃಶ್ಯ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಅಪಾಯವಿದೆ ಎಂದು ಯಾರಿಗೂ ಅನಿಸುವುದಿಲ್ಲ. ಗಾಡಿಯಲ್ಲಿ ಬಿಡಿ ಇಂಧನ ಒಯ್ಯುವುದು ನಮ್ಮ ಕಡೆ ತಪ್ಪಿಸಲಾಗದ ಅಗತ್ಯ. ಆದರೆ ಈಗ ಒಯ್ಯುತ್ತಿರುವ ರೀತಿಯನ್ನು ಬದಲಿಸಲು ಸಾಧ್ಯವಿದೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಗಾಡಿಗಲ್ಲ, ತೋಟದ ಯಂತ್ರಕ್ಕೆ

ಶಿವಮೊಗ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 69, ಹಳಬರ ಬಾಯಲ್ಲಿ ಇಂದಿಗೂ 206, ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಹೋಗುತ್ತದೆ. ಈ ದಾರಿಯಲ್ಲಿ ಬಂಕುಗಳಿಗೆ ಬರವಿಲ್ಲ. ಲೋಡ್ ಹೊತ್ತ ಪಿಕಪ್ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೂ ಐದು ಲೀಟರ್ ಡೀಸೆಲ್‌ಗೆ ಐವತ್ತು ಕಿಲೋಮೀಟರ್ ಸಾಗುತ್ತದೆ. ಕಡೂರಿನಿಂದ ಚಿಕ್ಕಮಗಳೂರು ಸುಮಾರು 40 ಕಿಲೋಮೀಟರ್. ಅಂದರೆ ಹೊರಡುವ ಮುಂಚೆ ಟ್ಯಾಂಕಿನ ಮುಳ್ಳು ನೋಡಿಕೊಳ್ಳುವ ಚಾಲಕನಿಗೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳೊಳಗೆ ಗಾಡಿಗೆಂದು ಕ್ಯಾನು ಹೊರುವ ಪ್ರಸಂಗ ಬರುವುದು ಅಪರೂಪ.

ಕ್ಯಾನು ಬೇಕಾಗುವುದು ಯಂತ್ರಗಳಿಗೆ. ಹೆದ್ದಾರಿ ಬಿಟ್ಟು ಯಗಟಿ, ಪಂಚನಹಳ್ಳಿ, ಸಿಂಗಟಗೆರೆ ಕಡೆ ತಿರುಗಿದರೆ ತೆಂಗಿನ ತೋಟ ಮತ್ತು ರಾಗಿ ಹೊಲಗಳು. ಅಜ್ಜಂಪುರ, ಶಿವನಿ ಕಡೆ ಹೋದರೆ ಈರುಳ್ಳಿ ಹೊಲ, ಅಡಿಕೆ ತೋಟ. ಲಕ್ಕವಳ್ಳಿಯ ಕಡೆ ಭದ್ರಾ ನೀರಿನ ಗದ್ದೆ ಮತ್ತು ತೋಟ. ಕಳೆ ಕೊಚ್ಚಲು ಪೆಟ್ರೋಲ್ ಯಂತ್ರ, ಈರುಳ್ಳಿಗೆ ಔಷಧಿ ಹೊಡೆಯಲು ಪವರ್ ಸ್ಪ್ರೇಯರ್, ಕೊಳೆರೋಗ ತಡೆಯಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು, ಹೊಂಡದ ನೀರೆತ್ತುವ ಡೀಸೆಲ್ ಎಂಜಿನ್, ಹೊಲದಲ್ಲೇ ನಿಂತಿರುವ ಟ್ರ್ಯಾಕ್ಟರು, ಜೆಸಿಬಿ. ಇವುಗಳನ್ನೆಲ್ಲ ಬಂಕಿಗೆ ಹೊಡೆದುಕೊಂಡು ಹೋಗಲಾಗದು, ಬಂಕೇ ಇವುಗಳ ಬಳಿಗೆ ಬರಬೇಕು. ಹಾಗೆ ಬರುವುದು ಪಿಕಪ್ಪಿನಲ್ಲಿ.

ಇದನ್ನು ಸ್ಪಷ್ಟ ಮಾಡಿಕೊಂಡರೆ ಮುಂದಿನ ದಾರಿ ಸುಲಭ. ಕ್ಯಾನಿನಲ್ಲಿರುವ ಎಣ್ಣೆ ಗಾಡಿಯ ಭಾಗವಲ್ಲ, ಅದೊಂದು ಸರಕು. ಅದೂ ಅಪಾಯಕಾರಿ ಸರಕು. ಗೊಬ್ಬರದ ಚೀಲ ಎಷ್ಟು, ಎಲ್ಲಿಡುವುದು, ಯಾವಾಗ ಇಳಿಸುವುದು ಎಂದು ಲೆಕ್ಕ ಹಾಕುವ ನಾವು ಇದಕ್ಕೂ ಲೆಕ್ಕ ಹಾಕಲೇಬೇಕು.

ಕಾನೂನು ಏನು ಹೇಳುತ್ತದೆ

1934ರ ಪೆಟ್ರೋಲಿಯಂ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಬೇಗ ಹೊತ್ತಿಕೊಳ್ಳುವ ಗುಣ ನೋಡಿ ಅದು ಎಣ್ಣೆಗಳನ್ನು ದರ್ಜೆ ಮಾಡಿದೆ. ಪೆಟ್ರೋಲ್ ‘ಎ’ ದರ್ಜೆ, ಡೀಸೆಲ್ ಮತ್ತು ಸೀಮೆಎಣ್ಣೆ ‘ಬಿ’ ದರ್ಜೆ.

ಮಾರಾಟಕ್ಕಲ್ಲದೆ ಸ್ವಂತಕ್ಕೆ ಬಳಸುವ ಪೆಟ್ರೋಲ್ ಒಬ್ಬರ ಬಳಿ 30 ಲೀಟರ್ ಮೀರದಿದ್ದರೆ ಪರವಾನಗಿ ಬೇಡ ಎನ್ನುತ್ತದೆ ಕಾಯ್ದೆಯ 8ನೇ ಸೆಕ್ಷನ್. ಆದರೆ ಪಾತ್ರೆಗೆ ಷರತ್ತಿದೆ. ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಜಾತಿಯ ಜಾಡಿ ಅಥವಾ ಲೋಹದ ಪಾತ್ರೆಯಲ್ಲೇ ಇಡಬೇಕು. ಗಾಜು ಮತ್ತು ಜಾಡಿಯಾದರೆ 1 ಲೀಟರ್, ಲೋಹವಾದರೆ 25 ಲೀಟರ್ ಮೀರಬಾರದು. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ವಾಹನ ಅಥವಾ ಒಂದೇ ಕಡೆ ನಿಂತು ಓಡುವ ಎಂಜಿನ್ ಹೊಂದಿದವರಿಗೆ 9ನೇ ಸೆಕ್ಷನ್ ಇನ್ನಷ್ಟು ಸಡಿಲಿಕೆ ಕೊಡುತ್ತದೆ. ಆ ವಾಹನ ಅಥವಾ ಎಂಜಿನ್ ಓಡಿಸಲಿಕ್ಕೆಂದೇ ಟ್ಯಾಂಕಿನಲ್ಲಿರುವುದನ್ನು ಬಿಟ್ಟು 100 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು. ಎಷ್ಟು ಗಾಡಿ, ಎಷ್ಟು ಎಂಜಿನ್ ಇದ್ದರೂ ಒಟ್ಟು ಮಿತಿ ಅಷ್ಟೇ. ದಾಸ್ತಾನು 30 ಲೀಟರ್ ದಾಟಿದರೆ ಜನ ವಾಸಿಸುವ, ಕೆಲಸ ಮಾಡುವ ಕೋಣೆಗೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಗದಲ್ಲಿ ಇಡಬೇಕು.

ಡೀಸೆಲ್‌ಗೆ ಕಾಯ್ದೆ ಉದಾರವಾಗಿದೆ. ಒಂದು ಜಾಗದಲ್ಲಿ 2500 ಲೀಟರ್‌ವರೆಗೆ, ಯಾವ ಪಾತ್ರೆಯೂ 1000 ಲೀಟರ್ ಮೀರದಂತೆ ಇದ್ದರೆ ಪರವಾನಗಿ ಬೇಡ. ಹೀಗಾಗಿ 20 ಲೀಟರ್ ಡೀಸೆಲ್ ಒಯ್ಯುವ ರೈತ ಕಾನೂನಿನ ಭಯದಲ್ಲಿ ಬದುಕಬೇಕಿಲ್ಲ. ಅಂಗಡಿಯ ಮುಂದೆ ಬಾಟಲಿಯಲ್ಲಿ ಪೆಟ್ರೋಲ್ ಜೋಡಿಸಿಟ್ಟು ಮಾರುವುದಕ್ಕೆ ಮಾತ್ರ ಈ ವಿನಾಯಿತಿ ಯಾವುದೂ ಅನ್ವಯಿಸುವುದಿಲ್ಲ. ಪರವಾನಗಿಯಿಲ್ಲದ ಆ ಮಾರಾಟ ಅಪರಾಧ. ಗಾಡಿಗೆ ಹೆಚ್ಚುವರಿ ಟ್ಯಾಂಕು ಕೂರಿಸಿಕೊಳ್ಳುವವರೂ ಎಚ್ಚರ ವಹಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಒಪ್ಪುವುದಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಕ್ಯಾನು ಹಿಡಿದು ರೈಲು ಹತ್ತುವುದಂತೂ ಬೇಡವೇ ಬೇಡ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಅದಕ್ಕೆ ಮೂರು ವರ್ಷದವರೆಗೆ ಜೈಲು ಇಟ್ಟಿದೆ.

ಹೊತ್ತಿಕೊಳ್ಳುವುದು ಆವಿ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಯಾವ ಋತುವಿನ ಯಾವ ಹೊತ್ತಿನಲ್ಲೂ ಅದು ಆವಿಯಾಗುತ್ತಲೇ ಇರುತ್ತದೆ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಮೇಲೇರಿ ಚದುರಿ ಹೋಗುವ ಬದಲು ನೆಲಕ್ಕಿಳಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ.

ಈಗ ಪಿಕಪ್ಪಿನ ಬಾಡಿಯನ್ನು ನೋಡಿ. ನಾಲ್ಕೂ ಕಡೆ ತಗಡಿನ ಗೋಡೆ. ಮಳೆಗೋ ಚಳಿಗೋ ಮೇಲೆ ಟಾರ್ಪಾಲು ಹೊದಿಸಿದರೆ ಅದು ಆವಿ ಹಿಡಿದಿಡುವ ತೊಟ್ಟಿಯೇ ಆಗುತ್ತದೆ. ಅದರ ತಳದಲ್ಲಿ ಜನ ಕೂತಿರುತ್ತಾರೆ. ಒಬ್ಬ ಬೀಡಿ ಹಚ್ಚಲು ಕಡ್ಡಿ ಗೀರಿದರೆ ಸಾಕು. ಚಲಿಸುವ ಗಾಡಿಯಿಂದ ಅವರು ಧುಮುಕಲಾರರು, ಕ್ಯಾಬಿನ್ನಿನಲ್ಲಿರುವ ಚಾಲಕನಿಗೆ ಹಿಂದೆ ಏನಾಯಿತೆಂದು ತಕ್ಷಣ ತಿಳಿಯುವುದೂ ಇಲ್ಲ.

‘ಡೀಸೆಲ್ ಹಾಗೆಲ್ಲ ಹೊತ್ತಿಕೊಳ್ಳೋದಿಲ್ಲ ಬಿಡಿ’ ಎನ್ನುವ ಮಾತು ಎಲ್ಲ ಊರಿನಲ್ಲೂ ಇದೆ. ಪೆಟ್ರೋಲಿಗೆ ಹೋಲಿಸಿದರೆ ಅದು ನಿಜ. ಆದರೆ ಭಾರತದಲ್ಲಿ ಡೀಸೆಲ್‌ನ ಗುಣಮಟ್ಟ ನಿಗದಿಪಡಿಸುವ ಐಎಸ್ 1460 ಮಾನಕದ ಪ್ರಕಾರ ಅದರ ಜ್ವಲನಬಿಂದು, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಉಷ್ಣತೆ, ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಯುರೋಪಿನಲ್ಲಿ ಇದೇ ಮಿತಿ 55 ಡಿಗ್ರಿ. ಏಪ್ರಿಲ್ ತಿಂಗಳ ಕಡೂರಿನ ಬಿಸಿಲಿಗೆ ಕಾದ ತಗಡಿನ ಮೇಲೆ ಮಧ್ಯಾಹ್ನವೆಲ್ಲ ಕೂತ ಡೀಸೆಲ್ ಕ್ಯಾನು ಈ 35 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆಗ ಡೀಸೆಲ್ ಕೂಡ ಕಿಡಿಗಾಗಿ ಕಾದಿರುವ ಎಣ್ಣೆಯೇ. ಅದಕ್ಕೂ ನೆರಳು ಬೇಕು, ಬಿಗಿ ಮುಚ್ಚಳ ಬೇಕು.

ರಾಗಿ ಹುಲ್ಲು ಅಥವಾ ಒಣಮೇವು ತುಂಬಿದ ಗಾಡಿಯಲ್ಲಿ ಕ್ಯಾನು ಇಡುವುದು ಇನ್ನೂ ದೊಡ್ಡ ಅಪಾಯ. ಎತ್ತರಕ್ಕೆ ಪೇರಿಸಿದ ಹುಲ್ಲಿಗೆ ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಗಾಡಿ ಸುಟ್ಟ ಸುದ್ದಿಯನ್ನು ಸುಗ್ಗಿಯಲ್ಲಿ ಓದುತ್ತಲೇ ಇರುತ್ತೇವೆ. ಅಂಥ ಹೊತ್ತಿನಲ್ಲಿ ಕ್ಯಾನೂ ಜೊತೆಗಿದ್ದರೆ ಬೆಂಕಿ ಆರಿಸಲು ಹತ್ತಿರ ಹೋಗುವವರ ಜೀವಕ್ಕೂ ಕುತ್ತು.

ಕ್ಯಾನು ಹೇಗಿರಬೇಕು

ಎರಡನೇ ಮಹಾಯುದ್ಧದ ಕಾಲದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿದ್ದ ಬ್ರಿಟಿಷ್ ಸೈನ್ಯ ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಗಳಲ್ಲಿ ಪೆಟ್ರೋಲ್ ಸಾಗಿಸುತ್ತಿತ್ತು. ನಮ್ಮ ಅಜ್ಜಂದಿರ ಮನೆಗಳಲ್ಲಿದ್ದ ಸೀಮೆಎಣ್ಣೆ ಡಬ್ಬದ್ದೂ ಅದೇ ಅಳತೆ, ಸುಮಾರು 18 ಲೀಟರ್. ಒರಟು ದಾರಿಯಲ್ಲಿ ಆ ಡಬ್ಬಗಳ ಬೆಸುಗೆ ಬಿಟ್ಟು ಇಂಧನ ಸೋರಿ ಹಾಳಾಗುತ್ತಿತ್ತು. ಎದುರಾಳಿ ಜರ್ಮನ್ನರ ಬಳಿ 1937ರಲ್ಲಿ ರೂಪಿಸಿದ 20 ಲೀಟರಿನ ಉಕ್ಕಿನ ಕ್ಯಾನು ಇತ್ತು. ಮುಂದೆ ಬ್ರಿಟಿಷರೂ ಅಮೆರಿಕನ್ನರೂ ಅದನ್ನೇ ನಕಲು ಮಾಡಿದರು. ಇಂದು ಮಿಲಿಟರಿ ಜೀಪುಗಳ ಹಿಂದೆ ಕಾಣುವ ಜೆರ್ರಿಕ್ಯಾನು ಅದೇ.

ಅದನ್ನು ಹತ್ತಿರದಿಂದ ನೋಡಿದರೆ ಒಂದೊಂದು ಭಾಗಕ್ಕೂ ಕಾರಣವಿರುವುದು ತಿಳಿಯುತ್ತದೆ. ಮೇಲೆ ಒಂದರ ಬದಲು ಮೂರು ಹಿಡಿ. ತುಂಬಿದ ಕ್ಯಾನನ್ನು ಒಬ್ಬರೇ ನಡುವಿನ ಹಿಡಿಯಲ್ಲಿ ಎತ್ತಬಹುದು, ಇಬ್ಬರಿದ್ದರೆ ಆಚೆ ಈಚೆಯ ಹಿಡಿ ಹಿಡಿದು ಭಾರ ಹಂಚಿಕೊಳ್ಳಬಹುದು. ಪಕ್ಕದ ತಗಡಿನ ಮೇಲೆ ಅಡ್ಡಡ್ಡ ಒತ್ತಿದ ಗೆರೆಗಳು ಅಂದಕ್ಕಲ್ಲ, ಒಳಗಿನ ಒತ್ತಡ ಏರಿಳಿದಾಗ ತಗಡು ಉಬ್ಬಿ ತಗ್ಗಲು. ಎರಡು ಅರ್ಧಗಳ ಬೆಸುಗೆ ಹೊರಮೈಯಿಂದ ಒಳಸರಿದಿರುವುದರಿಂದ ಏಟು ಬಿದ್ದರೂ ಬೆಸುಗೆಗೆ ತಾಗುವುದಿಲ್ಲ. ತಿರುಚುವ ಬಿರಡೆಯ ಬದಲು ಒತ್ತಿದರೆ ಬಿಗಿಯಾಗಿ ಕೂರುವ ಸನ್ನೆ ಮುಚ್ಚಳ, ಅದು ಕ್ಯಾನಿಗೇ ಅಂಟಿಕೊಂಡಿರುವುದರಿಂದ ಕಳೆದುಹೋಗುವುದಿಲ್ಲ. ಬಾಯಿಯೊಳಗೆ ಸಣ್ಣ ಗಾಳಿಕೊಳವೆ ಇದೆ, ಬಗ್ಗಿಸಿದಾಗ ಎಣ್ಣೆ ಗಳಗಳ ಉಕ್ಕದೆ ಒಂದೇ ಸಮನೆ ಸುರಿಯುತ್ತದೆ. ಹಿಡಿಗಳ ಕೆಳಗಿನ ಉಬ್ಬಿನಲ್ಲಿ ಗಾಳಿ ನಿಲ್ಲುತ್ತದೆ, ಎಣ್ಣೆ ಹಿಗ್ಗಿದರೆ ಅಲ್ಲಿ ಜಾಗ ಸಿಗುತ್ತದೆ.

ಹಿಗ್ಗುವ ಲೆಕ್ಕ ಸಣ್ಣದಲ್ಲ. ನಸುಕಿನ 18 ಡಿಗ್ರಿಯಲ್ಲಿ ತುಂಬಿದ 20 ಲೀಟರ್ ಪೆಟ್ರೋಲ್ ಮಧ್ಯಾಹ್ನದ 38 ಡಿಗ್ರಿಗೆ ಬಂದಾಗ 350ರಿಂದ 400 ಮಿಲಿಲೀಟರ್ ಹೆಚ್ಚಾಗುತ್ತದೆ. ಕಂಠಮಟ್ಟ ತುಂಬಿದ ಕ್ಯಾನಿನಿಂದ ಅಷ್ಟು ಎಣ್ಣೆ ಎಲ್ಲಿಗೆ ಹೋಗಬೇಕು? ಮುಚ್ಚಳದ ಸಂದಿಯಿಂದ ಹೊರಗೆ. ಆದ್ದರಿಂದ 20 ಲೀಟರಿನ ಕ್ಯಾನಿಗೆ 19 ಲೀಟರಿಗಿಂತ ಹೆಚ್ಚು ಹಾಕಿಸಬೇಡಿ.

ನಮ್ಮಲ್ಲಿ ಬಳಕೆಯಲ್ಲಿರುವ ಪಾತ್ರೆಗಳೇ ಬೇರೆ. ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನು, ಕೀಟನಾಶಕದ ಡಬ್ಬ, ಪೇಂಟಿನ ಬಕೆಟ್ಟು, ನೀರಿನ ಬಾಟಲಿ. ಇವು ಪೆಟ್ರೋಲಿಗಾಗಿ ಮಾಡಿದವಲ್ಲ. ಮುಚ್ಚಳ ಆವಿ ತಡೆಯುವುದಿಲ್ಲ, ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ನೀರಿನ ಬಾಟಲಿಯಲ್ಲಿ ಇಟ್ಟ ಎಣ್ಣೆಯನ್ನು ನೀರೆಂದೇ ತಿಳಿದು ಬಾಯಿಗಿಟ್ಟುಕೊಳ್ಳುವುದು ಮಕ್ಕಳಷ್ಟೇ ಅಲ್ಲ, ಬಿಸಿಲಲ್ಲಿ ದಣಿದ ದೊಡ್ಡವರೂ ಕೂಡ. ಈಚೆಗೆ ಇನ್ನೊಂದು ಪಾತ್ರೆ ಸೇರಿಕೊಂಡಿದೆ. ಬಿಎಸ್ 6 ಲಾರಿಗಳಿಗೆ ಹಾಕುವ ಡಿಇಎಫ್ ದ್ರಾವಣದ 20 ಲೀಟರ್ ಖಾಲಿ ಕ್ಯಾನು. ನೋಡಲು ಗಟ್ಟಿ, ಪುಕ್ಕಟೆ ಸಿಗುತ್ತದೆ. ಆದರೆ ಆ ದ್ರಾವಣ ನೂರಕ್ಕೆ 32.5 ಪಾಲು ಯೂರಿಯಾ ಬೆರೆಸಿದ ನೀರು. ಒಣಗಿದಾಗ ಉಳಿಯುವ ಯೂರಿಯಾ ಹರಳು ಡೀಸೆಲ್ ಜೊತೆ ಎಂಜಿನ್ನಿಗೆ ಹೋದರೆ ಪಂಪು, ಇಂಜೆಕ್ಟರುಗಳು ಹಾಳಾಗುತ್ತವೆ. ಸತುವಿನ ಲೇಪವಿರುವ ತಗಡಿನ ಡಬ್ಬವೂ ಡೀಸೆಲ್‌ಗೆ ಒಗ್ಗುವುದಿಲ್ಲ.

ಪೆಟ್ರೋಲಿಗೆ ಲೋಹದ ಕ್ಯಾನು ಕೊಳ್ಳಿ. ಪೆಟ್ರೋಲಿಗೊಂದು, ಡೀಸೆಲ್‌ಗೊಂದು, ಟು-ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸಿದ ಪೆಟ್ರೋಲಿಗೆ ಸಣ್ಣದೊಂದು ಇರಲಿ. ಒಂದೊಂದರ ಮೇಲೂ ಎದ್ದು ಕಾಣುವಂತೆ ಕನ್ನಡದಲ್ಲಿ ಹೆಸರು ಬರೆಸಿ. ಹಳೆಯ ಕ್ಯಾನು ತೂತಾದರೆ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಖಾಲಿ ಕ್ಯಾನಿನಲ್ಲಿ ಉಳಿದ ಆವಿ ವೆಲ್ಡಿಂಗ್ ಕಿಡಿಗೆ ಸಿಡಿಯುತ್ತದೆ. ತುಂಬಿದ ಕ್ಯಾನಿಗಿಂತ ಖಾಲಿ ಕ್ಯಾನು ಹೆಚ್ಚು ಅಪಾಯವಾಗುವ ಸಂದರ್ಭ ಇದು.

ತುಂಬುವಾಗ, ಕಟ್ಟುವಾಗ

ಬಂಕಿನಲ್ಲಿ ಕ್ಯಾನನ್ನು ಬಾಡಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು. ಪೈಪಿನಲ್ಲಿ ಎಣ್ಣೆ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕ್ಯಾನು ನೆಲದಲ್ಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಬಾಡಿಗೆ ಹಾಸಿದ ರಬ್ಬರ್ ಮ್ಯಾಟಿನ ಮೇಲೋ ಟಾರ್ಪಾಲಿನ ಮೇಲೋ ಇದ್ದರೆ ಹೋಗಲು ದಾರಿಯಿಲ್ಲದೆ ಕಿಡಿಯಾಗಿ ಹಾರಬಹುದು. ನಾಜಲ್ ಕ್ಯಾನಿನ ಬಾಯಿಗೆ ತಾಗಿರಲಿ, ನಿಧಾನವಾಗಿ ಬಿಡಲು ಹೇಳಿ. ಕೆಳಗಿಳಿಸುವುದು ಬೇಸರವೆಂದು ಅಂದುಕೊಳ್ಳಬೇಡಿ, ಅರ್ಧ ನಿಮಿಷದ ಕೆಲಸ.

ತುಂಬಿದ 20 ಲೀಟರ್ ಕ್ಯಾನು ಹೆಚ್ಚುಕಡಿಮೆ 20 ಕಿಲೋ ತೂಗುತ್ತದೆ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿ ಕಡೆಗೆ ಏರುವ ತಿರುವುಗಳಲ್ಲಿ ಕಟ್ಟದ ಕ್ಯಾನು ಆಚೆ ಈಚೆ ಬಡಿದಾಡಿ ಮುಚ್ಚಳ ಸಡಿಲವಾಗುವುದಕ್ಕೆ ಎಷ್ಟು ಹೊತ್ತು? ಅದನ್ನು ಕ್ಯಾಬಿನ್ನಿನೊಳಗೆ ಇಡಲೇಬಾರದು. ಗಾಡಿಯ ಹಿಂತುದಿಯಲ್ಲೂ ಬೇಡ, ಹಿಂದಿನಿಂದ ಬಂದ ವಾಹನ ಗುದ್ದಿದರೆ ಮೊದಲು ಒಡೆಯುವುದು ಅದೇ. ಬಾಡಿಯ ಹೊರಪಕ್ಕಕ್ಕೆ ನೇತುಹಾಕುವುದೂ ಬೇಡ. ಕ್ಯಾಬಿನ್ನಿನ ಹಿಂಗೋಡೆಗೆ ತಾಗಿದಂತೆ, ಬಾಡಿಯ ಮುಂಮೂಲೆಯಲ್ಲಿ, ಸೈಲೆನ್ಸರ್ ಇಲ್ಲದ ಪಕ್ಕದಲ್ಲಿ, ನೆಟ್ಟಗೆ ನಿಲ್ಲಿಸಿ ಕಟ್ಟುವುದು ಸರಿ. ಕ್ಯಾನಿನ ಅಳತೆಗೆ ಸರಿಯಾಗಿ ಕಬ್ಬಿಣದ ಆಂಗಲ್ಲಿನ ಚೌಕಟ್ಟೊಂದನ್ನು ತರೀಕೆರೆಯ ಅಥವಾ ಬೀರೂರಿನ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದು. ಅದರಲ್ಲಿ ನಿಲ್ಲಿಸಿ ಲಾರಿ ಬೆಲ್ಟಿನಿಂದ ಬಿಗಿದರೆ ಅಲುಗಾಡುವುದಿಲ್ಲ. ಹಗ್ಗ ಕುಲುಕಾಟಕ್ಕೆ ಸಡಿಲವಾಗುತ್ತದೆ. ಮೇಲೆ ಬಿಸಿಲು ಮರೆಯಾಗಲು ತಗಡೊಂದು ಇರಲಿ, ಪಕ್ಕಗಳು ಗಾಳಿಯಾಡಲು ತೆರೆದಿರಲಿ. ಪಶು ಆಹಾರ, ರಾಗಿ, ಈರುಳ್ಳಿ ಚೀಲಗಳನ್ನು ದೂರ ಇಡಿ, ಡೀಸೆಲ್ ವಾಸನೆ ಹಿಡಿದ ರಾಗಿಯನ್ನು ಯಾರೂ ಕೊಳ್ಳುವುದಿಲ್ಲ.

ತೋಟದಲ್ಲಿ ಯಂತ್ರಕ್ಕೆ ಸುರಿಯುವಾಗ ಅದು ಆರುವವರೆಗೆ ಕಾಯಬೇಕು. ಕಾದ ಸೈಲೆನ್ಸರಿನ ಮೇಲೆ ನಾಲ್ಕು ಹನಿ ಬಿದ್ದರೂ ಸಾಕು, ಬೆನ್ನಿಗೆ ಹೊತ್ತ ಸ್ಪ್ರೇಯರ್ ಉರಿಯುತ್ತದೆ. ಜಾಲರಿಯಿರುವ ಲಾಳಿಕೆ ಬಳಸಿ. ಪೈಪು ಇಟ್ಟು ಬಾಯಿಂದ ಎಳೆಯುವ ಅಭ್ಯಾಸವನ್ನು ಇಂದೇ ಬಿಡಿ. ಗಂಟಲಿಗಿಳಿದ ಎಣ್ಣೆಗಿಂತ ಶ್ವಾಸಕೋಶಕ್ಕೆ ಹೋದ ಎಣ್ಣೆ ಹೆಚ್ಚು ಕೇಡು ಮಾಡುತ್ತದೆ, ನ್ಯುಮೋನಿಯಾ ತರುತ್ತದೆ. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗಲೇ ಎಣ್ಣೆ ಶ್ವಾಸಕೋಶ ಸೇರುತ್ತದೆ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಐದು ರೂಪಾಯಿಯ ವಸ್ತುವಲ್ಲದಿದ್ದರೂ ಎಣ್ಣೆ ಎಳೆಯಲು ಕೈಯಿಂದ ಒತ್ತುವ ಸಣ್ಣ ಪಂಪು ಆಸ್ಪತ್ರೆಯ ಬಿಲ್ಲಿಗಿಂತ ಅಗ್ಗ.

ಮನೆಯಲ್ಲಿ ಇಡುವಾಗ

ಅಡಿಕೆ ಬೇಯಿಸುವ ಮನೆಗಳಲ್ಲಿ ಸುಗ್ಗಿಯುದ್ದಕ್ಕೂ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ಸುಲಿಯುವ ಯಂತ್ರ, ಸಿಪ್ಪೆಯ ರಾಶಿ, ಸೌದೆ, ಎಣ್ಣೆ ಕ್ಯಾನು ಎಲ್ಲವೂ ಅದೇ ಶೆಡ್ಡಿನಲ್ಲಿ. ಭಾರವಾದ ಆವಿ ನೆಲದ ಮೇಲೆ ಹರಿದು ಒಲೆ ಮುಟ್ಟಿದರೆ ಬೆಂಕಿ ಅದೇ ದಾರಿಯಲ್ಲಿ ಕ್ಯಾನಿನವರೆಗೆ ಹಿಂದಿರುಗುತ್ತದೆ. ಕ್ಯಾನು ಒಲೆಯಿಂದ, ಕೊಟ್ಟಿಗೆಯಿಂದ, ಬಣವೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ, ಗಾಳಿಯಾಡುವ ಬೀಗದ ಗೂಡಿನಲ್ಲಿರಬೇಕು. ಪಕ್ಕದಲ್ಲಿ ಎರಡು ಬಕೆಟ್ ಮರಳು ಇರಲಿ. ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹೊಯ್ದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳು ಅಥವಾ ಒಣಪುಡಿಯ ಅಗ್ನಿಶಾಮಕವೇ ಮದ್ದು. ಪಿಕಪ್ಪಿನ ಕ್ಯಾಬಿನ್ನಿನಲ್ಲೂ ಅಂಥದ್ದೊಂದು ಸಿಲಿಂಡರ್ ಇರಲಿ. ತುರ್ತಿಗೆ 112.

ಎಣ್ಣೆ ಕೂಡಿಡುವುದರಲ್ಲಿ ಲಾಭವೂ ಇಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಲೆನಾಡಿನಂಚಿನ ತರೀಕೆರೆಯ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನು ಬೇಗ ಕೆಡುತ್ತದೆ. ಆಯಿಲ್ ಬೆರೆಸಿದ್ದನ್ನು ತಿಂಗಳೊಳಗೆ ಮುಗಿಸಿ. ಡೀಸೆಲ್ ಇನ್ನಷ್ಟು ದಿನ ಬಾಳುತ್ತದೆಯಾದರೂ ತಳದಲ್ಲಿ ನೀರು ಕೂತರೆ ಲೋಳೆ ಬೆಳೆದು ಫಿಲ್ಟರು ಕಟ್ಟುತ್ತದೆ. ಬೇಕಾದಷ್ಟೇ ತರುವುದು ಎಂಜಿನ್ನಿಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ಯಾರು ಮಾಡಬೇಕು

ಮೇಲಿನದೆಲ್ಲ ಪಾಲಿಸಿದರೂ ಒಂದು ಮಾತು ಉಳಿಯುತ್ತದೆ. ಜನ ಮತ್ತು ಪೆಟ್ರೋಲ್ ಒಂದೇ ಬಾಡಿಯಲ್ಲಿ ಹೋಗಕೂಡದು. ಸರಕು ಗಾಡಿಯಲ್ಲಿ ಆಳುಗಳನ್ನು ತುಂಬುವುದೇ ನಿಯಮಕ್ಕೆ ವಿರುದ್ಧ. ಅದು ನಿಲ್ಲುವ ದಿನದವರೆಗೆ ಕಾಯದೆ, ಕನಿಷ್ಠ ಕ್ಯಾನನ್ನಾದರೂ ಹಿಂದಿನ ಸಂಜೆ ಬೇರೆಯಾಗಿ ತೋಟಕ್ಕೆ ಮುಟ್ಟಿಸಬಹುದು. ಕೂಲಿಗೆ ಬಂದ ಹೆಣ್ಣುಮಗಳು ‘ಈ ಕ್ಯಾನು ಇಳಿಸಿ, ಆಮೇಲೆ ಹತ್ತುತ್ತೇನೆ’ ಎಂದು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಹಾಗಾಗಿ ಹೊಣೆ ಗಾಡಿಯವರದ್ದು, ತೋಟದ ಯಜಮಾನರದ್ದು, ಚೇಣಿದಾರರದ್ದು.

ಸರ್ಕಾರವೂ ಸಹಕಾರ ಸಂಘಗಳೂ ಮಾಡಬಹುದಾದ ಕೆಲಸವಿದೆ. ಸಹಾಯಧನದಲ್ಲಿ ವೀಡ್ ಕಟರ್, ಸ್ಪ್ರೇಯರ್ ಕೊಡುವ ಕೃಷಿ ಇಲಾಖೆ ಯಂತ್ರದ ಜೊತೆಗೇ ಒಂದು ಲೋಹದ ಕ್ಯಾನನ್ನೂ ಕೊಡಲಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕಳಿಸುವಾಗ ಇಂಧನದ ಪಾತ್ರೆಯನ್ನೂ ಕಳಿಸಲಿ. ಅಡಿಕೆ ಮಾರಾಟ ಸಂಘಗಳು ತಮ್ಮ ಸದಸ್ಯರಿಗೆ ಕೊಳ್ಳುವ ದರದಲ್ಲೇ ಕ್ಯಾನು ಒದಗಿಸಲಿ.

ಅದೆಲ್ಲ ಆಗುವವರೆಗೆ ನೀವೇ ಶುರುಮಾಡಿ. ಈ ವಾರ ನಿಮ್ಮ ಗಾಡಿಯಲ್ಲಿರುವ ಪ್ಲಾಸ್ಟಿಕ್ ಕ್ಯಾನನ್ನು ತೆಗೆದುಹಾಕಿ, ಗಟ್ಟಿ ಮುಚ್ಚಳದ ಲೋಹದ ಕ್ಯಾನು ತಂದು ಚೌಕಟ್ಟಿನಲ್ಲಿ ಕಟ್ಟಿ. ನಾಳೆ ಆಳುಗಳು ಗಾಡಿ ಹತ್ತುವ ಮುಂಚೆ ಒಮ್ಮೆ ಹಿಂದೆ ಹೋಗಿ ನೋಡಿ, ಕ್ಯಾನು ಇದ್ದರೆ ಇಳಿಸಿ.